ಮಾರಿಯೊಗೆ ಫ್ರೇಮ್ ಲೆಕ್ಕದ ಓಟ: ಟಾಸ್ ಮಾಡುವ ಬಗೆ

ಸೂಪರ್ ಮಾರಿಯೊ ಬ್ರದರ್ಸ್ 1985ರ ಆಟ. ಅದನ್ನು ಐದು ನಿಮಿಷದೊಳಗೆ ಮುಗಿಸುವವರು ಬಹಳ ಜನ ಇದ್ದಾರೆ. 2021ರಲ್ಲಿ ನಿಫ್ಟ್‌ಸ್ಕಿ ಎಂಬ ಆಟಗಾರ 4 ನಿಮಿಷ 55 ಸೆಕೆಂಡಿನ ಗಡಿಯನ್ನೂ ದಾಟಿದರು. ಅದು ಕೈಚಳಕದ ಓಟ. ಇಲ್ಲಿ ಹೇಳುತ್ತಿರುವುದು ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್ ಬಗ್ಗೆ, ಚಿಕ್ಕದಾಗಿ ಟಾಸ್. ಇದರಲ್ಲಿ ಆಟವನ್ನು ನಿಲ್ಲಿಸಿ, ಒಂದೊಂದೇ ಫ್ರೇಮ್ (ಪರದೆಯ ಮೇಲೆ ಮೂಡುವ ಒಂದು ಚಿತ್ರ) ಮುಂದಕ್ಕೆ ತಳ್ಳುತ್ತಾ, ಆ ಫ್ರೇಮ್‌ನಲ್ಲಿ ಯಾವ ಬಟನ್ ಒತ್ತಿರಬೇಕು ಎಂದು ಬರೆದಿಡುತ್ತೀರಿ. ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದುತ್ತೀರಿ. ಆಟದ ಕೋಡ್‌ನಲ್ಲಿ ಒಂದು ಬೈಟನ್ನೂ ಬದಲಿಸುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿಯುವುದು ಬಟನ್‌ಗಳ ಒಂದು ಪಟ್ಟಿ, ಅಷ್ಟೇ.

ಶುರು ಮಾಡುವ ಮುಂಚೆ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಟಾಸ್‌ಗಳನ್ನು ಸಂಗ್ರಹಿಸುವ ಟಾಸ್‌ವಿಡಿಯೋಸ್ ಜಾಲತಾಣದಲ್ಲಿ ಇದೇ ಆಟದ ಓಟ 4 ನಿಮಿಷ 57 ಸೆಕೆಂಡಿನ ಆಸುಪಾಸಿನಲ್ಲಿದೆ. ಹಾಗಾದರೆ ಮನುಷ್ಯರೇ ಕಂಪ್ಯೂಟರ್‌ಗಿಂತ ಮುಂದೆ ಹೋದರೇ? ಇಲ್ಲ. ಅಲ್ಲಿ ಗಡಿಯಾರ ಶುರುವಾಗುವುದು ಪವರ್ ಆನ್ ಮಾಡಿದಾಗ, ನಿಲ್ಲುವುದು ಕೊನೆಯ ಬಟನ್ ಒತ್ತಿದಾಗ. ಕೈಯಿಂದ ಆಡುವವರ ಗಡಿಯಾರ ಮೊದಲ ಲೆವೆಲ್ 1-1 ಕಣ್ಣಿಗೆ ಬಿದ್ದಾಗ ಶುರುವಾಗಿ ಕೊನೆಯ ಲೆವೆಲ್‌ನ ಕೊಡಲಿ ಮುಟ್ಟಿದಾಗ ನಿಲ್ಲುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಡಿ.

ಯಾವ ಆಟ, ಯಾವ ಫೈಲ್

ನ್ಯಾಷನಲ್ ಮಾರ್ಕೆಟ್‌ನಲ್ಲೋ ಎಸ್‌ಪಿ ರೋಡ್‌ನಲ್ಲೋ ಕೊಂಡ ಟಿವಿ ಗೇಮ್‌ನಲ್ಲಿ ಮಾರಿಯೊ ಆಡಿ ಬೆಳೆದವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ‘ಇಷ್ಟು ಸಾವಿರ ಇನ್ 1’ ಎಂದು ಬರೆದಿರುವ ಕ್ಯಾಸೆಟ್‌ಗಳಲ್ಲಿನ ಮಾರಿಯೊ ಹಲವು ಸಲ ಮಾರ್ಪಟ್ಟ ಪ್ರತಿ: ಶೀರ್ಷಿಕೆ ಅಳಿಸಿರುತ್ತಾರೆ, ಎಲ್ಲೋ ಒಂದೆರಡು ಬೈಟ್ ತಿರುಚಿರುತ್ತಾರೆ. ಜತೆಗೆ ನಮ್ಮ ದೇಶದ್ದು ಪಾಲ್ ಟಿವಿ, ಅಂದರೆ 50 ಹರ್ಟ್ಸ್. ಅದಕ್ಕೆ ಹೊಂದಿಸಿದ ನಕಲಿ ಕನ್ಸೋಲ್‌ನಲ್ಲಿ ಆಟ ನಿಧಾನವಾಗಿ ಓಡುತ್ತದೆ. ನಿಂಟೆಂಡೊ ತಾನೇ ಹೊರತಂದ ಪಾಲ್ ಆವೃತ್ತಿಯಲ್ಲಂತೂ ಮಾರಿಯೊನ ವೇಗದ ಅಂಕಿಗಳೇ ಬೇರೆ. ಟಾಸ್‌ಗೆ ಬೇಕಿರುವುದು ಎನ್‌ಟಿಎಸ್‌ಸಿ ಆವೃತ್ತಿ (ಅಮೆರಿಕ, ಜಪಾನ್ ಟಿವಿಗಳದ್ದು); ಅದು ಸೆಕೆಂಡಿಗೆ 60.0988 ಫ್ರೇಮ್ ಓಡುತ್ತದೆ. ನಿಮ್ಮದೇ ಅಸಲಿ ಕ್ಯಾಸೆಟ್‌ನಿಂದ ಪ್ರತಿ ತೆಗೆದರೆ ಫೈಲ್ ಸರಿಯಾಗಿ 40,976 ಬೈಟ್ ಇರಬೇಕು: ಪ್ರೋಗ್ರಾಂ 32 ಕೆಬಿ, ಚಿತ್ರ 8 ಕೆಬಿ, ಮೇಲೊಂದು 16 ಬೈಟಿನ ಹೆಡರ್. ಒಂದು ಬೈಟ್ ಹೆಚ್ಚುಕಡಿಮೆ ಆದರೂ ಅದು ಬೇರೆ ಪ್ರತಿ. ಅಳತೆ ಹೊಂದಿದ ಮಾತ್ರಕ್ಕೆ ಅಸಲಿ ಎನ್ನುವಂತೆಯೂ ಇಲ್ಲ, ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಕೂಡ ಹೋಲಿಸಿ ನೋಡಿ.

ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಹಳೆಯ ಕನ್ಸೋಲ್‌ನಂತೆ ನಡೆದುಕೊಳ್ಳುವ ಪ್ರೋಗ್ರಾಂ) ಎರಡರಲ್ಲೊಂದು: ಎಫ್‌ಸಿಇಯುಎಕ್ಸ್ ಅಥವಾ ಬಿಝ್‌ಹಾಕ್. ಮೊದಲ ಓಟಕ್ಕೆ ಎಫ್‌ಸಿಇಯುಎಕ್ಸ್ ಒಳ್ಳೆಯದು. ಅದರ ಎಫ್‌ಎಂ2 ಫೈಲ್ ಬರೀ ಪಠ್ಯ, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಒಂದು ಸಾಲು ಅಂದರೆ ಒಂದು ಫ್ರೇಮ್. ಸಾಲಿನಲ್ಲಿ ಎಂಟು ಜಾಗ: ಬಲ, ಎಡ, ಕೆಳಗೆ, ಮೇಲೆ, ಸ್ಟಾರ್ಟ್, ಸೆಲೆಕ್ಟ್, ಬಿ, ಎ, ಇದೇ ಕ್ರಮದಲ್ಲಿ. ಒತ್ತಿರದ ಜಾಗದಲ್ಲಿ ಚುಕ್ಕಿ. ಬಸವನಗುಡಿಯಲ್ಲೊಬ್ಬರು, ಹೆಬ್ಬಾಳದಲ್ಲೊಬ್ಬರು ಸೇರಿ ಒಂದೇ ಓಟ ಮಾಡುತ್ತಿದ್ದರೆ ಫೈಲನ್ನು ವಾಟ್ಸ್ಆ್ಯಪ್‌ನಲ್ಲೇ ಕಳಿಸಬಹುದು, ಅಷ್ಟು ಚಿಕ್ಕದು. ಬಿಝ್‌ಹಾಕ್‌ನ ಟಾಸ್ಟುಡಿಯೊ ಕೂಡ ಚೆನ್ನಾಗಿದೆ. ಲ್ಯಾಗ್ ಫ್ರೇಮ್‌ಗಳನ್ನು (ಆಟ ಬಟನ್ ಓದದೇ ಬಿಡುವ ಫ್ರೇಮ್‌ಗಳು) ಕೆಂಪಾಗಿ ತೋರಿಸುವುದು ಅದರ ದೊಡ್ಡ ಉಪಕಾರ. ಆದರೆ ಅರ್ಧ ದಾರಿಯಲ್ಲಿ ಎಮ್ಯುಲೇಟರ್ ಬದಲಿಸಬೇಡಿ.

ಹಳೆಯ ಲ್ಯಾಪ್‌ಟಾಪ್ ಸಾಕು. ಗೇಮ್‌ಪ್ಯಾಡ್ ಬೇಡ. ಒಳ್ಳೆಯ ಕೀಬೋರ್ಡ್ ಮಾತ್ರ ಇರಲಿ, ಫ್ರೇಮ್ ಅಡ್ವಾನ್ಸ್ ಕೀಲಿಯನ್ನು ಸಂಜೆಯೊಂದರಲ್ಲೇ ಸಾವಿರಾರು ಸಲ ಒತ್ತುತ್ತೀರಿ.

ಮೊದಲ ದಿನ ಹೊಂದಿಸಬೇಕಾದ್ದು

ರೀಜನ್ ಅನ್ನು ಎನ್‌ಟಿಎಸ್‌ಸಿಗೆ ಇಡಿ. ಎಫ್‌ಸಿಇಯುಎಕ್ಸ್‌ನಲ್ಲಿ ಓಲ್ಡ್ ಪಿಪಿಯು, ನ್ಯೂ ಪಿಪಿಯು ಎಂದು ಚಿತ್ರ ಮೂಡಿಸುವ ಚಿಪ್‌ನ ಎರಡು ನಕಲುಗಳಿವೆ. ಯಾವುದಾದರೂ ಒಂದನ್ನು ಆರಿಸಿ, ಓಟ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಫ್ರೇಮ್ ಕೌಂಟರ್, ಲ್ಯಾಗ್ ಕೌಂಟರ್, ಇನ್‌ಪುಟ್ ಡಿಸ್‌ಪ್ಲೇ ಮೂರನ್ನೂ ಪರದೆಯ ಮೇಲೆ ತನ್ನಿ. ಎಡ-ಬಲ ಎರಡನ್ನೂ ಒಟ್ಟಿಗೆ ಒತ್ತಲು ಬಿಡುವ ಆಯ್ಕೆ ಇನ್‌ಪುಟ್ ಸೆಟ್ಟಿಂಗ್‌ನಲ್ಲಿದೆ. ಟಾಸ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಕೈ ಓಟದ ಪಟ್ಟಿಗಳಲ್ಲಿ ನಿಷಿದ್ಧ. ನಿಮ್ಮ ಓಟ ಯಾವ ಬಗೆಯದು ಎಂದು ಈಗಲೇ ತೀರ್ಮಾನಿಸಿ, ನಡುವೆ ಮನಸ್ಸು ಬದಲಿಸಿದರೆ ಮೊದಲಿಂದ ಶುರು.

ಮೂವಿ (ಅಂದರೆ ಬಟನ್ ಪಟ್ಟಿ) ರೆಕಾರ್ಡಿಂಗ್ ಪವರ್ ಆನ್‌ನಿಂದಲೇ ಶುರುವಾಗಲಿ, ಸೇವ್‌ಸ್ಟೇಟ್‌ನಿಂದ (ಆಟದ ಒಂದು ಕ್ಷಣದ ಸ್ಥಿತಿಯನ್ನು ಉಳಿಸಿಟ್ಟದ್ದು) ಬೇಡ, ರೀಸೆಟ್‌ನಿಂದಲೂ ಬೇಡ. ಕಾರಣ ಇದೆ: ಈ ಆಟ ಎದ್ದಾಗ ಮೆಮೊರಿಯ 07ಎಫ್‌ಎಫ್‌ ಜಾಗದಲ್ಲಿ ಎ5 ಎಂಬ ಗುರುತನ್ನು ಹುಡುಕುತ್ತದೆ, ಟಾಪ್ ಸ್ಕೋರ್‌ನ ಅಂಕಿಗಳು ಸರಿಯಿವೆಯೇ ಎಂದೂ ನೋಡುತ್ತದೆ. ಎರಡೂ ಸರಿಯಿದ್ದರೆ ‘ಇದು ರೀಸೆಟ್, ಪವರ್ ಆನ್ ಅಲ್ಲ’ ಎಂದುಕೊಂಡು ಹಳೆಯದರಲ್ಲಿ ಕೆಲವನ್ನು ಹಾಗೇ ಉಳಿಸಿಕೊಳ್ಳುತ್ತದೆ. ಬೇರೆಯವರ ಯಂತ್ರದಲ್ಲಿ ಆ ಹಳೆಯದು ಇರುವುದಿಲ್ಲವಲ್ಲ.

ಆಮೇಲೆ ರ್‍ಯಾಮ್ ವಾಚ್. ಆಟದ ಮೆಮೊರಿಯ ಅಂಕಿಗಳನ್ನು ಓಡುವಾಗಲೇ ತೋರಿಸುವ ಕಿಟಕಿ ಅದು, ಈ ವಿಳಾಸಗಳನ್ನು ಸೇರಿಸಿ. ಇವು ಹೆಕ್ಸ್ ಅಂಕಿಗಳು, ನಡುವೆ ಬರುವ ಎ, ಸಿ, ಡಿ, ಇ, ಎಫ್‌ಗಳನ್ನು ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. 0086ರಲ್ಲಿ ಮಾರಿಯೊನ ಅಡ್ಡ ಸ್ಥಾನ, 006ಡಿಯಲ್ಲಿ ಅದರ ಪುಟ (256 ಪಿಕ್ಸೆಲ್‌ಗೊಂದು ಪುಟ), 0400ರಲ್ಲಿ ಪಿಕ್ಸೆಲ್‌ನೊಳಗಿನ ಚೂರು, 0057ರಲ್ಲಿ ಅಡ್ಡ ವೇಗ, 0705ರಲ್ಲಿ ವೇಗದ ಚೂರು, 00ಸಿಇಯಲ್ಲಿ ಎತ್ತರ, 009ಎಫ್‌ನಲ್ಲಿ ಏರಿಳಿತದ ವೇಗ. 03ಎಡಿ ಪರದೆಯ ಮೇಲೆ ಮಾರಿಯೊ ನಿಂತಿರುವ ಜಾಗ. 07ಎ7ರಿಂದ ಮುಂದಿನ ಏಳು ಬೈಟ್ ಆಟದ ರ್‍ಯಾಂಡಮ್ ಸಂಖ್ಯೆ. ಎಲ್ಲಕ್ಕಿಂತ ಮೇಲೆ, ದೊಡ್ಡದಾಗಿ ಕಾಣುವ ಜಾಗದಲ್ಲಿ 077ಎಫ್ ಇರಲಿ.

21 ಫ್ರೇಮ್‌ನ ಗಾಡಿ

077ಎಫ್ ಅನ್ನು ಒಂದೊಂದೇ ಫ್ರೇಮ್ ತಳ್ಳುತ್ತಾ ನೋಡಿ. 20ರಿಂದ 0ಕ್ಕೆ ಇಳಿಯುತ್ತದೆ, ಮತ್ತೆ 20. ಈ ಸುತ್ತು ಮುಗಿದಾಗ ಮಾತ್ರ ಆಟದ ಉದ್ದನೆಯ ಟೈಮರ್‌ಗಳು ಒಂದು ಹೆಜ್ಜೆ ಇಳಿಯುತ್ತವೆ. ಲೆವೆಲ್ ಮುಗಿದ ಮೇಲಿನ ಕಾಯುವಿಕೆ, ಮುಂದಿನ ಲೆವೆಲ್‌ನ ಕಪ್ಪು ಪರದೆ ಎಲ್ಲ ಅಂಥ ಟೈಮರ್‌ಗಳ ಮೇಲೇ ನಿಂತಿವೆ. ಹಾಗಾಗಿ ಮುಂದಿನ ಲೆವೆಲ್ 21 ಫ್ರೇಮ್‌ಗೊಮ್ಮೆ ಮಾತ್ರ ಶುರುವಾಗಬಲ್ಲದು. ಇದನ್ನು ಫ್ರೇಮ್ ರೂಲ್ ಎನ್ನುತ್ತಾರೆ, ಸುಮಾರು 0.35 ಸೆಕೆಂಡ್.

ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಇಳಿದು ಹಸಿರು ಲೈನ್ ಹಿಡಿಯುವವರಿಗೆ ಇದು ಚೆನ್ನಾಗಿ ಗೊತ್ತು. ಎಸ್ಕಲೇಟರ್ ಮೇಲೆ ಓಡಿ ಹತ್ತು ಸೆಕೆಂಡ್ ಉಳಿಸಿದಿರಿ ಅನ್ನಿ; ಅದರಿಂದ ಹಿಂದಿನ ಟ್ರೇನ್ ಸಿಕ್ಕರೆ ಲಾಭ, ಇಲ್ಲದಿದ್ದರೆ ಪ್ಲಾಟ್‌ಫಾರ್ಮ್‌ನಲ್ಲಿ ಏದುಸಿರು ಬಿಡುತ್ತಾ ನಿಂತದ್ದೇ ಬಂತು. 1-1ರಲ್ಲಿ ಒಂದು ರಾತ್ರಿ ಕೂತು 6 ಫ್ರೇಮ್ ಉಳಿಸಿ, ಗಾಡಿ ಮಾತ್ರ ಅದೇ ಆಗಿದ್ದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ: ಬಟನ್ ಒತ್ತುವುದನ್ನು ಮೊದಲು ಕಲಿಯುತ್ತಾರೆ, ಅಳೆಯುವುದನ್ನು ಆಮೇಲೆ.

ಅಳೆಯುವ ಕ್ರಮ ಹೀಗೆ. ಒಂದು ಲೆವೆಲನ್ನು ಒರಟಾಗಿ ಮುಗಿಸಿ, ಮುಂದಿನ ಲೆವೆಲ್‌ನ ಕಪ್ಪು ಪರದೆ ಬಂದ ಫ್ರೇಮ್ ಸಂಖ್ಯೆ ಬರೆದುಕೊಳ್ಳಿ. ಈಗ ಲೆವೆಲ್‌ನ ಕೊನೆಯ ಹತ್ತಿರ, ಶತ್ರುಗಳ ಗೊಡವೆ ಇಲ್ಲದ ಜಾಗದಲ್ಲಿ ಒಂದು ಖಾಲಿ ಫ್ರೇಮ್ ತುರುಕಿ ಮತ್ತೆ ಓಡಿಸಿ. ಕಪ್ಪು ಪರದೆ ಅದೇ ಫ್ರೇಮ್‌ಗೆ ಬಂತೇ? ಇನ್ನೊಂದು ತುರುಕಿ. ಹೀಗೆ ಒಂದೊಂದೇ ಹೆಚ್ಚಿಸುತ್ತಾ ಹೋದರೆ ಒಂದು ಹಂತದಲ್ಲಿ ಕಪ್ಪು ಪರದೆ ಒಮ್ಮೆಗೇ 21 ಫ್ರೇಮ್ ಮುಂದಕ್ಕೆ ಹಾರುತ್ತದೆ. ಐದನೆಯದಕ್ಕೆ ಹಾರಿದರೆ ನಿಮ್ಮ ಬಳಿ ಇದ್ದ ಉಳಿಕೆ 4. ಅಂದರೆ ಹಿಂದಿನ ಗಾಡಿ ಹಿಡಿಯಲು ಇನ್ನೂ 17 ಫ್ರೇಮ್ ಉಳಿಸಬೇಕು. 17 ಎಲ್ಲಿಂದ ಬರುತ್ತದೆ ಎಂದು ಯೋಚಿಸಿ. ದಾರಿ ಕಾಣದಿದ್ದರೆ ಆ ಲೆವೆಲನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಿ. ಆ 4 ಫ್ರೇಮ್ ವ್ಯರ್ಥವೇನಲ್ಲ: ನೋಡುಗರಿಗಾಗಿ ಮಾರಿಯೊನನ್ನು ಕುಣಿಸಲು ಬರುತ್ತದೆ.

ಸ್ಟಾರ್ಟ್ ಬಟನ್‌ಗೂ ಇದೇ ಲೆಕ್ಕ. ಆಟ ಒಪ್ಪುವ ಅತಿ ಮೊದಲ ಫ್ರೇಮ್ ಹುಡುಕಿ, ಆದರೆ 1-1ರ ಮುಂಚಿನ ಕಪ್ಪು ಪರದೆಗೂ ಗಾಡಿ ಉಂಟು ಎಂಬುದು ನೆನಪಿರಲಿ.

ವಾರ್ಪ್ (ನಡುವಿನ ಲೆವೆಲ್‌ಗಳನ್ನು ಬಿಟ್ಟು ಮುಂದೆ ಹಾರಿಸುವ ಪೈಪ್) ದಾರಿಯಲ್ಲಿ ಎಂಟು ಲೆವೆಲ್: 1-1, 1-2, 4-1, 4-2, 8-1, 8-2, 8-3, 8-4. ಕೊನೆಯ 8-4ಕ್ಕೆ ಮಾತ್ರ ಮುಂದೆ ಗಾಡಿ ಇಲ್ಲ, ಕೊಡಲಿ ಮುಟ್ಟಿದರೆ ಮುಗಿಯಿತು. ಅಲ್ಲಿ ಒಂದೊಂದು ಫ್ರೇಮ್‌ಗೂ ಬೆಲೆ ಇದೆ. ನಿಮ್ಮ ಸಮಯದ ಅರ್ಧವನ್ನು ಅದಕ್ಕೇ ಎತ್ತಿಡಿ.

ವೇಗ ಮತ್ತು ಚೂರು

ಓಟದ ಗರಿಷ್ಠ ವೇಗ 0057ರಲ್ಲಿ 40. ಅಂಕಿ ಒಂದರ ಬೆಲೆ ಪಿಕ್ಸೆಲ್‌ನ ಹದಿನಾರನೇ ಒಂದು ಭಾಗ, ಆದ್ದರಿಂದ ಫ್ರೇಮ್‌ಗೆ ಎರಡೂವರೆ ಪಿಕ್ಸೆಲ್. ಬಿ ಒತ್ತದೆ ನಡೆದರೆ 24, ಅಂದರೆ ಒಂದೂವರೆ. ಬಿ ಬಿಟ್ಟ ಮೇಲೂ 10 ಫ್ರೇಮ್ ಓಟದ ವೇಗಕ್ಕೆ ಧಕ್ಕೆ ಬರುವುದಿಲ್ಲ (0783ರ ಟೈಮರ್ ನೋಡಿ), ಅಷ್ಟರಲ್ಲಿ ಮತ್ತೆ ಒತ್ತಿ ಬೆಂಕಿಯುಂಡೆ ಎಸೆಯಬಹುದು.

ನಿಂತಲ್ಲಿಂದ 40ಕ್ಕೆ ಬೇಗ ಏರಲು ಒಂದು ಉಪಾಯ ಇದೆ. ಮಾರಿಯೊ ಮುಖ ಮಾಡಿದ ದಿಕ್ಕೂ ಚಲಿಸುತ್ತಿರುವ ದಿಕ್ಕೂ ಬೇರೆಯಾಗಿದ್ದರೆ ಆಟ ವೇಗ ಬದಲಾಗುವ ಪ್ರಮಾಣವನ್ನು ಇಮ್ಮಡಿ ಮಾಡುತ್ತದೆ. ಓಡುತ್ತಿದ್ದವನು ಹಿಂದಕ್ಕೆ ತಿರುಗಿದಾಗ ಜಾರಿ ಬೇಗ ನಿಲ್ಲಲಿ ಎಂದು ಇಟ್ಟದ್ದು. ಆದರೆ ಗಾಳಿಯಲ್ಲಿರುವಾಗ ಮುಖ ತಿರುಗುವುದಿಲ್ಲ! ಹಾಗಾಗಿ ನೆಲದ ಮೇಲೆ ಒಂದು ಫ್ರೇಮ್ ಎಡ ಒತ್ತಿ, ಮರುಫ್ರೇಮ್‌ಗೇ ಬಲ, ಬಿ, ಎ ಮೂರನ್ನೂ ಒತ್ತಿ. ಮಾರಿಯೊ ಎಡಕ್ಕೆ ಮುಖ ಮಾಡಿಕೊಂಡೇ ಬಲಕ್ಕೆ ಹಾರುತ್ತಾನೆ, 0057 ದುಪ್ಪಟ್ಟು ಬೇಗ ಏರುತ್ತದೆ. ನಂಬಿ ಕೂರಬೇಡಿ: ಒಂದು ಸೇವ್‌ಸ್ಟೇಟ್‌ನಿಂದ ಎರಡೂ ಬಗೆಯಲ್ಲಿ 30 ಫ್ರೇಮ್ ಓಡಿಸಿ 006ಡಿ, 0086, 0400 ಮೂರನ್ನೂ ಹೋಲಿಸಿ.

ಈಗ 0400. ಗರಿಷ್ಠ ವೇಗದಲ್ಲಿ ಪ್ರತಿ ಫ್ರೇಮ್‌ಗೆ ಎರಡು ಪಿಕ್ಸೆಲ್ ಜತೆ ಈ ಚೂರಿಗೆ 128 ಸೇರುತ್ತದೆ; 256 ಮುಟ್ಟಿದರೆ ಒಂದು ಪಿಕ್ಸೆಲ್ ಆಗಿ ದಾಟಿಕೊಳ್ಳುತ್ತದೆ. ಆದ್ದರಿಂದ ಮಾರಿಯೊ 2, 3, 2, 3 ಎಂದು ಹೆಜ್ಜೆ ಇಡುತ್ತಾನೆ, ಚೂರು ಎರಡೇ ಮನೆಗಳ ನಡುವೆ ಆಡುತ್ತದೆ: 48 ಇದ್ದರೆ ಮುಂದಿನದು 176, ಮತ್ತೆ 48. ಇದರ ಪರಿಣಾಮ ದೊಡ್ಡದು. ಒಮ್ಮೆ 40 ಮುಟ್ಟಿದ ಮೇಲೆ ಲೆವೆಲ್‌ನ ತುದಿಯವರೆಗೂ ನಿಮ್ಮ ಚೂರು ಏನಿರುತ್ತದೆ ಎಂಬುದು ತೀರ್ಮಾನವಾಗಿ ಹೋಯಿತು. ಬಾವುಟದ ಬುಡದಲ್ಲಿ 48 ಸಾಲದು, 112 ಬೇಕು ಎಂದಾದರೆ ಅಲ್ಲಿ ಪರದಾಡಿ ಪ್ರಯೋಜನವಿಲ್ಲ; ಲೆವೆಲ್‌ನ ಮೊದಲ ಸೆಕೆಂಡಿಗೆ ಹಿಂದಿರುಗಿ ವೇಗ ಏರಿಸಿಕೊಳ್ಳುವ ರೀತಿಯನ್ನು ಬದಲಿಸಬೇಕು. ಜತೆಗಾರರು ‘ಗುರು, ಕಂಬದ ಹತ್ರ ಒಂದು ಪಿಕ್ಸೆಲ್ ಸಾಲ್ತಿಲ್ಲ’ ಎಂದು ಕೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಶುರುವಿನಲ್ಲಿ 0400 ಎಷ್ಟಿತ್ತು?

ಬಾವುಟದ ಕಂಬದ ಗ್ಲಿಚ್‌ಗೆ ಈ ಲೆಕ್ಕ ಬೇಕೇ ಬೇಕು. ಕಂಬದ ಬುಡದ ಇಟ್ಟಿಗೆಯೊಳಗೆ ಮಾರಿಯೊನ ಕಾಲು ಒಂದಿಷ್ಟು ಹೊಕ್ಕಿರುವಾಗ ಕಂಬ ಹಿಡಿಸಿದರೆ, ಬಾವುಟ ಇಳಿಯುವುದನ್ನು ಕಾಯದೆ ಅವನು ಕೋಟೆಗೆ ನಡೆದುಬಿಡುತ್ತಾನೆ. ಇಟ್ಟಿಗೆ ತಾಗಿದಾಗಿನ ಎತ್ತರ, ಅಡ್ಡ ಪಿಕ್ಸೆಲ್, ಚೂರು ಮೂರೂ ಹೊಂದಬೇಕು. ಲೆವೆಲ್ ಮುಗಿದಾಗ ಟೈಮರ್‌ನ ಕೊನೆಯ ಅಂಕಿ 1, 3, 6 ಆಗದಂತೆಯೂ ನೋಡಿಕೊಳ್ಳಿ. ಹಾಗಾದರೆ ಪಟಾಕಿ ಹಾರುತ್ತದೆ, ಪಟಾಕಿಗೆ ಫ್ರೇಮ್ ಖರ್ಚು. ಆಟದ ಟೈಮರ್‌ನ ಒಂದು ಅಂಕಿ ಇಳಿಯಲು 24 ಫ್ರೇಮ್ ಹಿಡಿಯುತ್ತದೆ, ನಮ್ಮ ಸೆಕೆಂಡ್ ಅಲ್ಲ.

4-2ರ ತಪ್ಪು ಪೈಪ್

4-2ರಲ್ಲಿ ವಾರ್ಪ್ ಜಾಗಕ್ಕೆ ಹೋಗುವ ಸರಿಯಾದ ದಾರಿ ಬಳ್ಳಿ ಹತ್ತುವುದು. ಅದು ನಿಧಾನ. ಟಾಸ್‌ನಲ್ಲೂ ಕೈ ಓಟದಲ್ಲೂ ಬಳಸುವುದು ಬೇರೊಂದು ದಾರಿ: ನಾಣ್ಯದ ಕೋಣೆಗೆ ಹೋಗಬೇಕಾದ ಪೈಪ್‌ಗೆ ಇಳಿದು ಬಳ್ಳಿಯ ಜಾಗಕ್ಕೆ ತಲುಪುವುದು.

ಇದು ಹೇಗೆ ಸಾಧ್ಯ ಎಂದರೆ, ‘ಮುಂದೆ ಯಾವ ಕೋಣೆ’ ಎಂಬ ಮಾಹಿತಿ ಬದಲಾಗುವುದು ಪರದೆ ಸರಿದಂತೆ, ಮಾರಿಯೊ ಸರಿದಂತೆ ಅಲ್ಲ. ಬಳ್ಳಿಯ ಮಾಹಿತಿ ಇನ್ನೂ ಜಾರಿಯಲ್ಲಿರುವಾಗಲೇ, ಪರದೆ ಸಾಕಷ್ಟು ಮುಂದೆ ಹೋಗುವ ಮೊದಲೇ ಪೈಪ್‌ಗೆ ಇಳಿದರೆ ಆಟ ಹಳೆಯ ವಿಳಾಸಕ್ಕೇ ಕಳಿಸುತ್ತದೆ. ಓಡುವಾಗ 03ಎಡಿ 112ರಲ್ಲಿ ನಿಂತಿರುತ್ತದೆ. ಅದನ್ನು ಸುಮಾರು 20 ಪಿಕ್ಸೆಲ್ ಬಲಕ್ಕೆ ದಬ್ಬಬೇಕು. ಗೋಡೆಗೆ ಬದಿ ತಾಗಿಸಿದರೆ 0785ರಲ್ಲಿ 16 ಫ್ರೇಮ್‌ನ ಟೈಮರ್ ಶುರುವಾಗುತ್ತದೆ. ಅದು ಸೊನ್ನೆಯಾಗುವವರೆಗೆ ಪರದೆ ಸರಿಯುವುದಿಲ್ಲ, ಮಾರಿಯೊ ಸರಿಯಬಹುದು. ತಾಗಿಸಿದಾಗ ವೇಗ ಬಿದ್ದುಹೋಗುತ್ತದೆ ಎಂಬುದೇ ತೊಂದರೆ. ಎಷ್ಟು ಸಲ, ಎಲ್ಲಿ ತಾಗಿಸಬೇಕು ಎಂಬುದರಲ್ಲೇ 4-2ರ ಕಷ್ಟವೆಲ್ಲ ಇದೆ. ಪರೀಕ್ಷೆ ಸುಲಭ: ಪೈಪ್‌ಗೆ ಇಳಿಯುವ ಫ್ರೇಮ್‌ನಲ್ಲಿ 03ಎಡಿ ಬರೆದಿಡಿ. ನಾಣ್ಯದ ಕೋಣೆ ಬಂದರೆ ಒಂದೆರಡು ಪಿಕ್ಸೆಲ್ ಸಾಲದು ಎಂದರ್ಥ.

ಅದೃಷ್ಟದ ಮಾತು

8-2ರ ಗುಂಡುಗಳು, 8-3ರ ಸುತ್ತಿಗೆ ಸೋದರರು ರ್‍ಯಾಂಡಮ್ ಎನಿಸುತ್ತಾರೆ, ಆದರೆ ಅವರೂ ಲೆಕ್ಕದವರೇ. 07ಎ7ರಲ್ಲಿ ಎ5 ಎಂಬ ಬೀಜದಿಂದ ಶುರುವಾಗಿ ಆ ಸಂಖ್ಯೆ ಫ್ರೇಮ್‌ಗೊಂದು ಹೆಜ್ಜೆ ಮುಂದೆ ಹೋಗುತ್ತದೆ; ನೀವು ಯಾವ ಬಟನ್ ಒತ್ತಿದಿರಿ ಎಂದು ಅದು ಕೇಳುವುದೇ ಇಲ್ಲ. ಸುತ್ತಿಗೆ ಎಸೆತ ದಾರಿಗೆ ಅಡ್ಡ ಬಂದರೆ ಆ ಜಾಗಕ್ಕೆ ಬೇರೆ ಫ್ರೇಮ್‌ನಲ್ಲಿ ತಲುಪಬೇಕು, ಬೇರೆ ಉಪಾಯವಿಲ್ಲ. ಮೊದಲಿನ ಲೆವೆಲ್‌ನಲ್ಲಿ ಒಂದು ಗಾಡಿ ಬೇಗ ಹಿಡಿದದ್ದು 8-3ರಲ್ಲಿ ಒಂದು ಗಾಡಿ ತಪ್ಪಿಸಿದ್ದೂ ಉಂಟು. ಅದಕ್ಕೇ ಹಳೆಯ ಫೈಲ್ ಅಳಿಸಬೇಡಿ.

ಕೈಯಿಂದ ಹುಡುಕಿ ಸಾಕಾದಾಗ ಲುಅ ಎಂಬ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯಿರಿ: ಸ್ಟೇಟ್ ಲೋಡ್ ಮಾಡು, ಬಟನ್‌ಗಳ ಒಂದು ಸರಣಿ ಒತ್ತು, 10 ಫ್ರೇಮ್ ಮುಂದೆ ಹೋಗು, 0086 ಮತ್ತು 0400 ಓದು, ಉತ್ತಮವಾದದ್ದನ್ನು ಉಳಿಸು, ಮತ್ತೆ ಮೊದಲಿಂದ. ಆದರೆ ಎಂಟೂ ಬಟನ್ ಕೊಡಬೇಡಿ. ಬಲ ಮತ್ತು ಎ ಎರಡೇ ಇದ್ದರೂ ಫ್ರೇಮ್‌ಗೆ ನಾಲ್ಕು ಸಾಧ್ಯತೆ, 10 ಫ್ರೇಮ್‌ಗೆ 10,48,576. ಇನ್ನೊಂದು ಬಟನ್ ಸೇರಿಸಿದರೆ ನೂರು ಕೋಟಿ ದಾಟುತ್ತದೆ. ಮೊದಲು ಲೆಕ್ಕದಿಂದ ಜಾಗ ಕಿರಿದಾಗಿಸಿ, ಆಮೇಲೆ ಯಂತ್ರಕ್ಕೆ ಬಿಡಿ.

ಕೆಡುವುದು ಎಲ್ಲಿ

ಅತಿ ಸಾಮಾನ್ಯ ಅನಾಹುತ ರೀಡ್-ಓನ್ಲಿ (ಮೂವಿಯನ್ನು ನೋಡಲಷ್ಟೇ ಬಿಡುವ ಆಯ್ಕೆ) ಬಗ್ಗೆ. ಅದು ಆಫ್ ಇದ್ದಾಗ ಹಳೆಯ ಸ್ಟೇಟ್ ಲೋಡ್ ಮಾಡಿದರೆ, ಆ ಬಿಂದುವಿನ ಮುಂದಿನ ಬಟನ್‌ಗಳೆಲ್ಲ ಕತ್ತರಿಸಿ ಹೋಗುತ್ತವೆ. 8-1ರಲ್ಲಿ ಕೂತವರು 1-2ರ ಸ್ಟೇಟನ್ನು ‘ಸುಮ್ಮನೆ ನೋಡೋಣ’ ಎಂದು ತೆರೆದು, ಅಲ್ಲೇ ಒಂದು ಫ್ರೇಮ್ ತಳ್ಳಿ ಸೇವ್ ಮಾಡಿದರೆ ಮುಗಿಯಿತು. ನೋಡಲು ಹೋಗುವಾಗ ರೀಡ್-ಓನ್ಲಿ ಆನ್ ಮಾಡಿ. ಲೆವೆಲ್ ಮುಗಿದಾಗಲೆಲ್ಲ ಫೈಲಿನ ಪ್ರತಿಯನ್ನು ಹೊಸ ಹೆಸರಿನಲ್ಲಿ, ಹೆಸರಿನಲ್ಲೇ ಫ್ರೇಮ್ ಸಂಖ್ಯೆ ಸೇರಿಸಿ ಇಟ್ಟುಕೊಳ್ಳಿ. ಡೆಸ್ಕ್‌ಟಾಪ್‌ನಲ್ಲಿ ಕೂತವರು ಯುಪಿಎಸ್ ಇಲ್ಲದೆ ಏಪ್ರಿಲ್-ಮೇ ತಿಂಗಳ ಸಂಜೆ ಮಳೆಯಲ್ಲಿ ಈ ಕೆಲಸಕ್ಕೆ ಇಳಿಯಬೇಡಿ.

ಎರಡನೆಯದು ಡೀಸಿಂಕ್: ಬಟನ್‌ಗಳು ಅವೇ, ಆದರೆ ಮಾರಿಯೊ ಗುಂಡಿಗೆ ಬೀಳುತ್ತಾನೆ. ಆಟದ ಪ್ರತಿ ಬೇರೆ, ಎಮ್ಯುಲೇಟರ್ ಆವೃತ್ತಿ ಬೇರೆ, ಪಿಪಿಯು ಬೇರೆ, ರೀಜನ್ ಬೇರೆ, ಇಲ್ಲವೇ ಬೇರೆ ಮೂವಿಯ ಸ್ಟೇಟ್ ನಡುವೆ ನುಸುಳಿದೆ. ಇದೇ ಕ್ರಮದಲ್ಲಿ ಹುಡುಕಿ. ಎಲ್ಲಿ ಹಳಿ ತಪ್ಪಿತು ಎಂದು ತಿಳಿಯಲು ಎರಡೂ ಯಂತ್ರಗಳಲ್ಲಿ 1000 ಫ್ರೇಮ್‌ಗೊಮ್ಮೆ 0086 ಮತ್ತು 07ಎ7 ಬರೆದು ಹೋಲಿಸಿ. 07ಎ7 ಮೊದಲು ತಪ್ಪಿದ್ದರೆ ಲ್ಯಾಗ್ ಅಥವಾ ಪವರ್ ಆನ್ ಸಮಸ್ಯೆ. 0086 ಮಾತ್ರ ತಪ್ಪಿದ್ದರೆ ಯಾವುದೋ ಒಂದು ಬಟನ್ ಕಳೆದುಹೋಗಿದೆ.

ಅಸಲಿ ಕನ್ಸೋಲ್‌ನಲ್ಲಿ ಓಡಿಸುವ ಆಸೆಯಿದ್ದರೆ ಈ ಆಟಕ್ಕಿಂತ ಸುಲಭದ್ದು ಕಡಿಮೆ. ಇದು ಕಂಟ್ರೋಲರನ್ನು ಫ್ರೇಮ್‌ಗೆ ಒಮ್ಮೆ ಮಾತ್ರ ಓದುತ್ತದೆ. ಕಂಟ್ರೋಲರ್ ಒಳಗಿರುವುದು 4021 ಎಂಬ ಶಿಫ್ಟ್ ರಿಜಿಸ್ಟರ್. ಅದರ ಬದಲು ಒಂದು ಮೈಕ್ರೋಕಂಟ್ರೋಲರ್ ಕೂರಿಸಿ, ಬಟನ್ ಓದಲು ಕನ್ಸೋಲ್ ಕಳಿಸುವ ಲ್ಯಾಚ್ ಸಂಕೇತ ಬಂದಾಗಲೆಲ್ಲ ಮುಂದಿನ ಸಾಲು ಕಳಿಸುವಂತೆ ಬರೆಯಬೇಕು. ಕ್ರಮ ಇಲ್ಲಿ ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ: ಎಫ್‌ಎಂ2ಗೆ ಪೂರ್ತಿ ಉಲ್ಟಾ. ಲ್ಯಾಗ್ ಫ್ರೇಮ್‌ಗಳನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ, ಆ ಫ್ರೇಮ್‌ನಲ್ಲಿ ಆಟ ಓದುವುದೇ ಇಲ್ಲ. ಕನ್ಸೋಲ್ 5 ವೋಲ್ಟ್, ಬೋರ್ಡ್ 3.3 ಆಗಿದ್ದರೆ ನಡುವೆ ಲೆವೆಲ್ ಶಿಫ್ಟರ್ ಹಾಕಿ. ಎಸ್‌ಪಿ ರೋಡ್‌ನಲ್ಲಿ ಸಿಗದ ವಸ್ತುವೇನಲ್ಲ. 50 ಹರ್ಟ್ಸ್‌ನ ಹಳೆಯ ಟಿವಿ ಗೇಮ್ ಮಾತ್ರ ಇದಕ್ಕೆ ಬೇಡ.

ಓಟ ಸಿದ್ಧವಾದ ಮೇಲೆ ಎಮ್ಯುಲೇಟರ್ ಮುಚ್ಚಿ, ಹೊಸದಾಗಿ ತೆರೆದು, ಪವರ್ ಆನ್‌ನಿಂದ ಕೊನೆಯವರೆಗೆ ಎರಡು ಸಲ ಓಡಿಸಿ. ಕೊನೆಯ ಬಟನ್ ಆದಮೇಲಿನ ಖಾಲಿ ಸಾಲುಗಳನ್ನು ಕತ್ತರಿಸಿ, ಅವೂ ಸಮಯಕ್ಕೆ ಸೇರುತ್ತವೆ. ಯೂಟ್ಯೂಬ್‌ಗೆ ಹಾಕುವುದಾದರೆ ಶೀರ್ಷಿಕೆಯಲ್ಲೇ ಟಾಸ್ ಎಂದು ಬರೆಯಿರಿ, ವಿವರಣೆಯ ಅಡಿಯಲ್ಲಿ ಅಲ್ಲ. ಟಾಸ್‌ವಿಡಿಯೋಸ್‌ಗೆ ಕಳಿಸುವುದಾದರೆ ಫೈಲಿನ ಜತೆ ಆಟದ ಪ್ರತಿಯ ಚೆಕ್‌ಸಮ್, ಎಮ್ಯುಲೇಟರ್ ಆವೃತ್ತಿ, ಯಾವ ಲೆವೆಲ್‌ನಲ್ಲಿ ಎಷ್ಟು ಫ್ರೇಮ್ ರೂಲ್ ಉಳಿಯಿತು, ಉಳಿಕೆ ಎಷ್ಟು ಎಂಬ ಪಟ್ಟಿ ಇರಲಿ. ಉಳಿಕೆ 18, 19 ಇರುವ ಲೆವೆಲ್‌ಗಳನ್ನು ಆ ಪಟ್ಟಿಯಲ್ಲಿ ಬೇರೆಯಾಗಿ ಗುರುತಿಸಿ: ಮುಂದಿನವರು ಕೈ ಹಾಕುವುದು ಅಲ್ಲಿಗೇ.